ಹತ್ತು ಸಾವಿರ ವಿಳಾಸ ಬೇಡ, ಮುನ್ನೂರು ಗಿರಾಕಿ ಸಾಕು



2025ರ ಜೂನ್ ತಿಂಗಳನ್ನು ಮಾವು ಬೆಳೆಗಾರರು ಅಷ್ಟು ಸುಲಭವಾಗಿ ಮರೆಯೋದಿಲ್ಲ. ತೋತಾಪುರಿ ಬೆಲೆ ನೆಲ ಕಚ್ಚಿತು. ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ನಮ್ಮ ಕಡೆಯ ತೋತಾಪುರಿಗೆ ಪ್ರವೇಶ ನಿಷೇಧಿಸಿದರು. ಅಲ್ಲಿನ ತಿರುಳಿನ ಕಾರ್ಖಾನೆಗಳನ್ನೇ ನಂಬಿದ್ದ ಕೋಲಾರ, ಶ್ರೀನಿವಾಸಪುರದ ಬೆಳೆಗಾರರು ಕಾಯಿ ಮರದಲ್ಲಿಟ್ಟುಕೊಂಡು ಕೈಕಟ್ಟಿ ಕೂರಬೇಕಾಯಿತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಇಟ್ಟುಕೊಂಡು ಬೆಲೆ ವ್ಯತ್ಯಾಸದ ಹಣ ಕೊಡೋದಕ್ಕೆ ಒಪ್ಪಿತು.

ಅದಾದ ಮೇಲೆ ಯಾವ ಸಭೆಗೆ ಹೋದರೂ ಒಂದೇ ಉಪದೇಶ. 'ನೇರ ಮಾರಾಟ ಮಾಡಿ, ಡಿಜಿಟಲ್ ಆಗಿ.' ಇಂಥ ಹೊತ್ತಿಗೇ ಕಾದು ಕೂತಿದ್ದವರ ಹಾಗೆ ಕೆಲವರು ಊರೂರಿಗೆ ಬರ್ತಾರೆ. 'ಬೆಂಗಳೂರಿನ ಹತ್ತು ಸಾವಿರ ಜನರ ಇಮೇಲ್ ವಿಳಾಸ ಕೊಡ್ತೀವಿ. ಒಂದೇ ಕ್ಲಿಕ್‌ನಲ್ಲಿ ಎಲ್ಲರಿಗೂ ನಿಮ್ಮ ಹಣ್ಣಿನ ಜಾಹೀರಾತು ಹೋಗುತ್ತೆ. ಪ್ಯಾಕೇಜ್ ಇಷ್ಟು' ಅಂತಾರೆ. ನಮ್ಮ ಪಕ್ಕದ ಊರಿನ ಬೆಳೆಗಾರರೊಬ್ಬರು ಹೀಗೇ ಒಂದು ಏಜೆನ್ಸಿಗೆ ದುಡ್ಡು ಕಟ್ಟಿದರು. ಜಾಹೀರಾತು ಹೋಯಿತು, ದುಡ್ಡೂ ಹೋಯಿತು, ಹಣ್ಣು ಮಾತ್ರ ತೋಟದಲ್ಲೇ ಉಳಿಯಿತು. ಕೊನೆಗೆ ಅವರು ಅದೇ ಮಂಡಿಗೇ ಹೋದರು.

ಇದರಿಂದ ಊರಲ್ಲಿ ಒಂದು ಮಾತು ಹುಟ್ಟಿತು: 'ಇಮೇಲು ಗಿಮೇಲು ಎಲ್ಲಾ ಕಂಪನಿಯವರಿಗೆ, ನಮಗಲ್ಲ.' ಈ ಮಾತನ್ನು ನಾನು ಒಪ್ಪೋದಿಲ್ಲ. ರಾಮನಗರದ ಕಡೆ ಇರೋ ನಮ್ಮ ತೋಟದ ಬಾದಾಮಿ, ಮಲ್ಲಿಕಾ ಹಣ್ಣಿನಲ್ಲಿ ಒಂದು ಪಾಲನ್ನು ಇಮೇಲ್ ಮೂಲಕವೇ ಮಾರ್ತಾ ಇದ್ದೀನಿ. ನನ್ನ ಅಭಿಪ್ರಾಯ ಇಷ್ಟೇ. ಗುರುತಿಲ್ಲದ ಹತ್ತು ಸಾವಿರ ಜನರಿಗೆ ಹೋಗುವ ಜಾಹೀರಾತು ರೈತನಿಗೆ ದಂಡ. ನಿಮ್ಮ ಹಣ್ಣನ್ನು ಒಮ್ಮೆ ತಿಂದವರಿಗೆ, ಅವರ ಒಪ್ಪಿಗೆ ಪಡೆದು, ವರ್ಷದಲ್ಲಿ ಆರೇಳು ಸಲ ಬರೆಯುವ ನಿಜವಾದ ಪತ್ರ ರೈತನ ಆಸ್ತಿ. ಕಳಿಸೋ ದಾರಿ ಎರಡಕ್ಕೂ ಒಂದೇ ಆದರೂ ಕೆಲಸ ಬೇರೆ ಬೇರೆ.

ಮೊದಲು ಲೆಕ್ಕ ಹಾಕಿ

ನಿಮಗೆ ನಿಜವಾಗಿ ಎಷ್ಟು ಗಿರಾಕಿಗಳು ಬೇಕು ಅಂತ ಯಾವತ್ತಾದರೂ ಎಣಿಸಿದ್ದೀರಾ? ಒಂದು ಟನ್ ಬಾದಾಮಿ ನೇರವಾಗಿ ಮಾರಬೇಕು ಅಂತಿಟ್ಟುಕೊಳ್ಳಿ. ಮೂರು ಕೆ.ಜಿ. ಬಾಕ್ಸ್ ಮಾಡಿದರೆ 333 ಬಾಕ್ಸ್ ಆಗುತ್ತೆ. ಒಂದು ಮನೆಯವರು ಸೀಸನ್‌ನಲ್ಲಿ ಎರಡು ಬಾಕ್ಸ್ ತಗೊಂಡರೆ ಬೇಕಾಗೋದು 167 ಮನೆ. ನಿಮ್ಮ ಪಟ್ಟಿಯಲ್ಲಿರೋರು ಎಲ್ಲರೂ ಪ್ರತಿ ವರ್ಷ ಕೊಳ್ಳೋದಿಲ್ಲ. ಅರ್ಧ ಜನ ಮಾತ್ರ ಕೊಳ್ತಾರೆ ಅಂತ ಹಿಡಿದರೂ ಪಟ್ಟಿಯಲ್ಲಿ ಮುನ್ನೂರ ಮೂವತ್ತು, ನಲವತ್ತು ಹೆಸರಿದ್ದರೆ ಒಂದು ಟನ್ ಹಣ್ಣು ಹೋಗುತ್ತೆ.

ಇದು ನಾನು ಲೆಕ್ಕಕ್ಕೆ ಹಿಡಿದ ಅಂಕಿ. ನಿಮ್ಮ ತೋಟಕ್ಕೆ ತಕ್ಕಂತೆ ನೀವು ಹಾಕಿಕೊಳ್ಳಿ. ಆದರೆ ಹೇಗೆ ಹಾಕಿದರೂ ಒಂದು ಮಾತು ಸ್ಪಷ್ಟವಾಗುತ್ತೆ: ಸಣ್ಣ ಬೆಳೆಗಾರನಿಗೆ ಹತ್ತು ಸಾವಿರ ಜನ ಬೇಕಾಗಿಲ್ಲ. ಹತ್ತು ಸಾವಿರ ಜನ ಒಟ್ಟಿಗೆ ಹಣ್ಣು ಕೇಳಿಬಿಟ್ಟರೆ ಕೊಡೋದಕ್ಕೆ ನಮ್ಮ ಹತ್ತಿರ ಹಣ್ಣೂ ಇಲ್ಲ, ಪ್ಯಾಕ್ ಮಾಡೋದಕ್ಕೆ ಆಳೂ ಇಲ್ಲ.

ನೇರ ಮಾರಾಟ ಅಂದ ಕೂಡಲೇ ಪೂರ್ತಿ ಲಾಭ ಅಂತಲೂ ತಿಳಿಯಬೇಡಿ. ರಟ್ಟಿನ ಬಾಕ್ಸು, ಹಣ್ಣು ಆರಿಸೋ ಕೂಲಿ, ಪಾರ್ಸಲ್ ಖರ್ಚು, ದಾರಿಯಲ್ಲಿ ಕೆಟ್ಟಿದ್ದಕ್ಕೆ ಬದಲಿ ಹಣ್ಣು, ಇಷ್ಟನ್ನೂ ಕಳೆದ ಮೇಲೆ ಉಳಿಯೋದು ಲಾಭ. ಅದಕ್ಕೇ ಪ್ರತಿ ವರ್ಷ ಹೊಸ ಗಿರಾಕಿ ಹುಡುಕೋದಕ್ಕೆ ಖರ್ಚು ಮಾಡುವಷ್ಟು ಶಕ್ತಿ ನಮಗಿಲ್ಲ. ಹೋದ ವರ್ಷ ತಗೊಂಡವರು ಈ ವರ್ಷವೂ ತಗೋಬೇಕು. ಇಮೇಲ್‌ನ ನಿಜವಾದ ಕೆಲಸ ಅದು.

ಇನ್ನೊಂದು ಮಾತು. ತೋತಾಪುರಿ ಹತ್ತು ಟನ್ ಇಟ್ಟುಕೊಂಡು ಇಮೇಲ್ ಬರೆಯೋದಕ್ಕೆ ಕೂರಬೇಡಿ. ಅದು ಕಾರ್ಖಾನೆಗೆ ಹೋಗೋ ಮಾಲು. ಇದು ಬಾದಾಮಿ, ರಸಪುರಿ, ಮಲ್ಲಿಕಾ ಥರ ಮನೆಗೆ ತಗೊಂಡು ತಿನ್ನೋ ಹಣ್ಣಿಗೆ ಸರಿ. ಕಾಫಿ ಪುಡಿ, ಬೆಲ್ಲ, ಜೇನು, ನಾಟಿ ಅಕ್ಕಿ ಬೆಳೆದು ಮಾರೋರಿಗೆ ಇನ್ನೂ ಸರಿ. ಕಾಫಿ ಪುಡಿ ಒಂದು ಮನೆಯಲ್ಲಿ ತಿಂಗಳಿಗೋ ಎರಡು ತಿಂಗಳಿಗೋ ಮುಗಿದೇ ಮುಗಿಯುತ್ತೆ, ಗಿರಾಕಿ ಮತ್ತೆ ಬರಲೇಬೇಕು. ಸೊಪ್ಪು, ತರಕಾರಿಗೆ ಮಾತ್ರ ಇಮೇಲ್ ನಿಧಾನವಾಯಿತು. ಅಲ್ಲಿ ಫೋನೇ ಮೇಲು.

ಕೊಂಡ ಪಟ್ಟಿ ಯಾಕೆ ಬೇಡ

ದುಡ್ಡು ಕೊಟ್ಟು ತಂದ ಪಟ್ಟಿಯಲ್ಲಿ ಇರೋರಿಗೆ ನೀವು ಯಾರು ಅಂತ ಗೊತ್ತಿಲ್ಲ. ಗೊತ್ತಿಲ್ಲದವರ ಇಮೇಲ್ ಬಂದರೆ ಜನ ಏನು ಮಾಡ್ತಾರೆ? ಓದದೆ ಅಳಿಸ್ತಾರೆ, ಇಲ್ಲಾಂದ್ರೆ 'ಸ್ಪ್ಯಾಮ್' ಅಂತ ಒತ್ತುತ್ತಾರೆ. ಅಳಿಸಿದರೆ ನಿಮಗೆ ಅಷ್ಟೇನೂ ನಷ್ಟವಿಲ್ಲ. ಸ್ಪ್ಯಾಮ್ ಅಂತ ಒತ್ತಿದರೆ ನಷ್ಟವಿದೆ. ಜಿಮೇಲ್, ಯಾಹೂ ಇವೆಲ್ಲ ಆ ಒತ್ತುವಿಕೆಯನ್ನು ಎಣಿಸ್ತಾ ಇರುತ್ತವೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್ ಕಳಿಸೋರಿಗೆ 2024ರ ಫೆಬ್ರುವರಿಯಿಂದ ಗೂಗಲ್ ಬಿಗಿ ನಿಯಮ ತಂದಿದೆ. ಸ್ಪ್ಯಾಮ್ ದೂರು ಶೇ 0.3ರೊಳಗೆ ಇರಬೇಕು. ಅಂದರೆ ಸಾವಿರ ಜನರಲ್ಲಿ ಮೂವರು 'ಸ್ಪ್ಯಾಮ್' ಅಂದರೆ ನೀವು ಆ ಗೆರೆ ಮುಟ್ಟಿದ ಹಾಗೆ. ಕೊಂಡ ಪಟ್ಟಿಯಲ್ಲಿ ಮೂವರು ಯಾವ ಲೆಕ್ಕ?

ಒಮ್ಮೆ ನಿಮ್ಮ ವಿಳಾಸಕ್ಕೆ ಕೆಟ್ಟ ಹೆಸರು ಬಂತು ಅಂದರೆ, ನಿಮ್ಮ ಹಣ್ಣಿಗಾಗಿ ನಿಜವಾಗಿ ಕಾಯ್ತಾ ಇರೋ ಹಳೇ ಗಿರಾಕಿಗೆ ಬರೆದ ಪತ್ರವೂ ಸ್ಪ್ಯಾಮ್ ಫೋಲ್ಡರ್‌ಗೆ ಬೀಳುತ್ತೆ. ಕಳೆ ಬೀಜ ಬೆರೆತ ಗೊಬ್ಬರ ತಂದು ಹೊಲಕ್ಕೆ ಹಾಕಿದ ಹಾಗೆ ಅದು. ಗೊಬ್ಬರದ ಫಲ ಹಾಳಾಗಲಿ, ಕಳೆ ತೆಗೆಯೋದರಲ್ಲೇ ಎರಡು ವರ್ಷ ಹೋಗುತ್ತೆ.

ಕಾನೂನೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಬ್ಬರ ಒಪ್ಪಿಗೆ ಅನ್ನೋದು ಅವರೇ ತಿಳಿದು, ಸ್ವಇಚ್ಛೆಯಿಂದ, ಯಾವುದಕ್ಕೆ ಅಂತ ಗೊತ್ತಿದ್ದು ಕೊಟ್ಟದ್ದಾಗಿರಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ತಗೊಳ್ಳೋದಕ್ಕೂ ಆಗಬೇಕು. ಯಾರೋ ಎಲ್ಲಿಂದಲೋ ಎತ್ತಿಕೊಂಡು ಬಂದ ವಿಳಾಸಕ್ಕೆ ಈ ಒಪ್ಪಿಗೆ ಎಲ್ಲಿಂದ ಬರಬೇಕು?

ವಾಟ್ಸಾಪ್ ಇದೆಯಲ್ಲಾ?

ಇದು ಎಲ್ಲರೂ ಕೇಳೋ ಪ್ರಶ್ನೆ, ಸರಿಯಾದ ಪ್ರಶ್ನೆಯೂ ಹೌದು. ವಾಟ್ಸಾಪ್ ಬಿಡಿ ಅಂತ ನಾನು ಹೇಳ್ತಾ ಇಲ್ಲ. 'ಅಣ್ಣಾ, ಬಾಕ್ಸ್ ಗೇಟ್ ಹತ್ತಿರ ಇಟ್ಟಿದ್ದೀವಿ' ಅನ್ನೋದಕ್ಕೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಆದರೆ ಅದಕ್ಕೂ ಮಿತಿ ಇದೆ. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಒಂದಕ್ಕೆ 256 ಜನ. ಅದೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತೆ. ಗ್ರೂಪ್ ಮಾಡಿದಿರೋ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತೆ. ಒಬ್ಬರು 'ಹೋದ ಸಲ ಒಂದು ಹಣ್ಣು ಹುಳಿ ಇತ್ತು' ಅಂದರೆ ಸಾಕು, ಅದೇ ಅಲ್ಲಿ ಸುದ್ದಿ. ಬೆಳಗಿನ ಶುಭೋದಯದ ಚಿತ್ರಗಳ ಮಧ್ಯೆ ನಿಮ್ಮ ಕೊಯ್ಲಿನ ದಿನಾಂಕ ಸಂಜೆ ಹೊತ್ತಿಗೆ ಕಾಣೆ.

ಇಮೇಲ್ ನಿಧಾನ, ಆದರೆ ಉಳಿಯುತ್ತೆ. ಹುಡುಕಿದರೆ ಮತ್ತೆ ಸಿಗುತ್ತೆ. ಹೋದ ಏಪ್ರಿಲ್‌ನಲ್ಲಿ ಎಷ್ಟು ಬಾಕ್ಸ್ ತರಿಸಿದ್ದೆವು ಅಂತ ಗಿರಾಕಿಯೇ ಹಿಂದಕ್ಕೆ ಹೋಗಿ ನೋಡಿಕೊಳ್ತಾರೆ. ಆಫೀಸಿಗೆ ಒಟ್ಟಿಗೆ ಮೂವತ್ತು ಬಾಕ್ಸ್ ತರಿಸೋರು, ಅಪಾರ್ಟ್‌ಮೆಂಟಿನ ಸಂಘದವರು, ಊರಲ್ಲಿರೋ ಅಪ್ಪ ಅಮ್ಮನಿಗೆ ಹಣ್ಣು ಕಳಿಸಿ ಅಂತ ಹೊರದೇಶದಿಂದ ಹೇಳೋ ಮಕ್ಕಳು, ಇವರೆಲ್ಲ ಬಿಲ್ಲು, ದರ, ದಿನಾಂಕ ಬರಹದಲ್ಲಿ ಕೇಳೋರು. ಇಂಥವರ ಆರ್ಡರ್ ನನಗೆ ಬರೋದು ಇಮೇಲ್‌ನಲ್ಲೇ. ಹಾಗಾಗಿ ನನ್ನ ಪದ್ಧತಿ ಹೀಗಿದೆ: ವಿಷಯ ಹೇಳೋದಕ್ಕೆ ಇಮೇಲ್, ಡೆಲಿವರಿ ದಿನಕ್ಕೆ ವಾಟ್ಸಾಪ್.

ವಿಳಾಸ ಎಲ್ಲಿಂದ ಬರಬೇಕು

ಹಣ್ಣು ತಿಂದ ಬಾಯಿಂದ ಬರಬೇಕು. ಪ್ರತಿ ಬಾಕ್ಸಿನಲ್ಲೂ ಅಂಗೈ ಅಗಲದ ಒಂದು ಚೀಟಿ ಹಾಕಿ. 'ಮುಂದಿನ ವರ್ಷ ಕೊಯ್ಲಿಗೆ ಮೊದಲು ನಿಮಗೆ ತಿಳಿಸಬೇಕಾ? ಈ ವಿಳಾಸಕ್ಕೆ ನಿಮ್ಮ ಹೆಸರು ಬರೆದು ಒಂದು ಇಮೇಲ್ ಹಾಕಿ. ವರ್ಷಕ್ಕೆ ಆರೇಳು ಪತ್ರ ಬರುತ್ತೆ, ಅದಕ್ಕಿಂತ ಹೆಚ್ಚಿಲ್ಲ. ನಿಮ್ಮ ವಿಳಾಸ ಬೇರೆ ಯಾರಿಗೂ ಕೊಡಲ್ಲ.' ಅವರೇ ಬರೆದು ಕಳಿಸಿದರೆ ಅದಕ್ಕಿಂತ ಗಟ್ಟಿ ಒಪ್ಪಿಗೆ ಬೇರೆ ಇಲ್ಲ. ಲಾಲ್‌ಬಾಗ್‌ನಂಥ ಕಡೆ ಮಾವು ಮೇಳದಲ್ಲಿ ಮಳಿಗೆ ಹಾಕಿದಾಗ ಒಂದು ನೋಟ್‌ಬುಕ್ ಇಡಿ. ಹೆಸರು, ಇಮೇಲ್, ಯಾವ ತಳಿ ಇಷ್ಟ, ಯಾವ ಬಡಾವಣೆ, ಈ ನಾಲ್ಕು ಕಾಲಂ ಸಾಕು. ಮೇಲ್ಗಡೆ 'ಮಾವಿನ ಸುದ್ದಿಗೆ ಮಾತ್ರ' ಅಂತ ದಪ್ಪಕ್ಷರದಲ್ಲಿ ಬರೆದಿರಿ.

ತಳಿ ಮತ್ತು ಬಡಾವಣೆ ಯಾಕೆ ಅಂದರೆ, ಎಲ್ಲರಿಗೂ ಎಲ್ಲಾ ಪತ್ರ ಕಳಿಸಬಾರದು. ಮಲ್ಲಿಕಾ ಬರೋದು ತಡವಾಗಿ. ಬಾದಾಮಿ ಮಾತ್ರ ಬೇಕು ಅಂದವರಿಗೆ ಜೂನ್‌ನಲ್ಲಿ ಮಲ್ಲಿಕಾ ಪತ್ರ ಯಾಕೆ? ಶನಿವಾರ ಗಾಡಿ ಹೋಗೋದು ಜಯನಗರದ ಕಡೆಗಾದರೆ ಯಲಹಂಕದವರಿಗೆ ಆ ಪತ್ರ ಯಾಕೆ? ಸಂಬಂಧವಿಲ್ಲದ ಪತ್ರ ಎರಡು ಸಲ ಬಂದರೆ ಮೂರನೇದನ್ನು ಅವರು ತೆರೆಯೋದೇ ಇಲ್ಲ.

ಯಾವಾಗ ಬರೆಯಬೇಕು

ಕಂಪನಿಗಳು ವಾರಕ್ಕೆ ಮೂರು ಸಲ ಬರೀತಾವೆ. ನಾವು ಹಾಗೆ ಮಾಡಬೇಕಿಲ್ಲ. ನಮ್ಮ ಹತ್ತಿರ ಅವರಲ್ಲಿಲ್ಲದ ಒಂದು ಪಂಚಾಂಗ ಇದೆ, ಬೆಳೆಯ ಪಂಚಾಂಗ. ಮಾವಿಗೆ ನಾನು ಅನುಸರಿಸೋದು ಇದು:

ಜನವರಿಯಲ್ಲಿ ಹೂವು ಬಂದಾಗ ಒಂದು ಪತ್ರ. ಮರದ ಒಂದು ಫೋಟೋ, ನಾಲ್ಕು ಸಾಲು, ಸಾಕು. ಇದರಲ್ಲಿ ಮಾರಾಟದ ಮಾತೇ ಇರಲ್ಲ.

ಮಾರ್ಚ್‌ನಲ್ಲಿ ಕಾಯಿ ಕಚ್ಚಿದ ಮೇಲೆ ಒಂದು. ಈ ವರ್ಷ ಬೆಳೆ ಹೇಗಿದೆ, ಬೆಲೆ ಅಂದಾಜು ಎಷ್ಟಾಗಬಹುದು ಅಂತ. ಬಾದಾಮಿ ಒಂದು ವರ್ಷ ಹಿಡಿದರೆ ಮರುವರ್ಷ ಕೈಕೊಡೋ ತಳಿ. ಅದನ್ನು ಗಿರಾಕಿಗೆ ಈಗಲೇ ತಿಳಿಸಿದರೆ ಆಮೇಲೆ ಬೆಲೆ ನೋಡಿ ಹೌಹಾರೋದಿಲ್ಲ.

ಕೊಯ್ಲಿಗೆ ಹತ್ತು ದಿನ ಮೊದಲು ಬುಕಿಂಗ್ ಪತ್ರ. ಹಳೇ ಗಿರಾಕಿಗಳಿಗೆ ಎರಡು ದಿನ ಮುಂಚೆ, ಉಳಿದವರಿಗೆ ಆಮೇಲೆ.

ಬಾಕ್ಸ್ ಹೊರಟ ದಿನ ಒಂದು. ಹಣ್ಣನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನೋದು ಇದರಲ್ಲಿ.

ತಲುಪಿ ಒಂದು ವಾರಕ್ಕೆ ಒಂದು. 'ಹೇಗಿತ್ತು? ಕೆಟ್ಟದ್ದೇನಾದರೂ ಬಂತಾ?' ಎರಡೇ ಸಾಲು.

ಸೀಸನ್ ಮುಗಿದ ಮೇಲೆ ಒಂದು. ಎಷ್ಟು ಬಾಕ್ಸ್ ಹೋಯಿತು, ಏನು ತಪ್ಪಿತು, ಮುಂದಿನ ವರ್ಷ ಏನು ಸರಿ ಮಾಡ್ತೀವಿ.

ಒಟ್ಟು ಆರು. ಮಲ್ಲಿಕಾ ಇದ್ದವರಿಗೆ ಇನ್ನೊಂದು. ಮಧ್ಯದಲ್ಲಿ ಹಬ್ಬದ ಶುಭಾಶಯ, ದಿನಾಚರಣೆಯ ಚಿತ್ರ ಇವೆಲ್ಲ ಬೇಡವೇ ಬೇಡ.

ಬಾಕ್ಸ್ ಹೊರಟ ದಿನದ ಪತ್ರ ಯಾಕೆ ಮುಖ್ಯ

ಆರರಲ್ಲಿ ಒಂದನ್ನು ಮಾತ್ರ ಬರೆಯೋದಕ್ಕೆ ಪುರುಸೊತ್ತು ಇದೆ ಅಂದರೆ ಇದನ್ನೇ ಬರೀರಿ ಅಂತೀನಿ. ಇದರಲ್ಲಿ ಮಾರಾಟ ಇಲ್ಲ, ಆದರೆ ಮುಂದಿನ ವರ್ಷದ ಮಾರಾಟ ನಿಂತಿರೋದು ಇದರ ಮೇಲೆ.

ನಾವು ಕಳಿಸೋದು ಬಲಿತ ಕಾಯಿ. ಪೇಟೆಯವರು ಬಾಕ್ಸ್ ತೆರೆದು, ಹಸಿರಾಗಿದೆ ಅಂತ ಬೇಜಾರಾಗಿ, ಇಲ್ಲವೇ ಕೆಡದಿರಲಿ ಅಂತ ನೇರ ಫ್ರಿಜ್‌ಗೆ ಇಟ್ಟುಬಿಡ್ತಾರೆ. ಮಾಗದ ಮಾವು 12–13 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಕೂತರೆ ಸಿಪ್ಪೆ ಕಪ್ಪಾಗುತ್ತೆ, ಸರಿಯಾಗಿ ಹಣ್ಣಾಗೋದಿಲ್ಲ, ರುಚಿ ಬರೋದಿಲ್ಲ. ಅವರು ಬೈಯೋದು ನಮ್ಮ ಹಣ್ಣನ್ನು. ಅದಕ್ಕೆ ಹೀಗೆ ಬರೀರಿ:

'ನಿಮ್ಮ ಬಾಕ್ಸ್ ಇವತ್ತು ಹೊರಟಿದೆ. ಇದು ಮರದಲ್ಲಿ ಬಲಿತ ಕಾಯಿ, ಕಾರ್ಬೈಡ್ ಹಾಕಿಲ್ಲ. ಬಂದ ಕೂಡಲೇ ಬಾಕ್ಸ್ ತೆರೆದು ಹಣ್ಣನ್ನು ಹೊರಗೆ ತೆಗೆಯಿರಿ. ಗಾಳಿ ಆಡೋ ಕಡೆ ಪೇಪರ್ ಅಥವಾ ಹುಲ್ಲಿನ ಮೇಲೆ ಒಂದರ ಪಕ್ಕ ಒಂದು ಇಡಿ. ದಿನಾ ಒಮ್ಮೆ ನೋಡಿ, ಪರಿಮಳ ಬಂದು ಸ್ವಲ್ಪ ಮೆತ್ತಗಾದ ಹಣ್ಣನ್ನು ಮೊದಲು ತಿನ್ನಿ. ಪೂರ್ತಿ ಹಣ್ಣಾಗೋ ಮೊದಲು ಫ್ರಿಜ್‌ಗೆ ಇಡಬೇಡಿ. ಬಾದಾಮಿಯಲ್ಲಿ ಕೆಲವು ಹಣ್ಣು ಹೊರಗೆ ಚೆನ್ನಾಗಿ ಕಂಡರೂ ಒಳಗೆ ತಿರುಳು ಸ್ಪಂಜಿನ ಹಾಗೆ ಆಗಿರುತ್ತೆ. ಹೊರಗಿನಿಂದ ನೋಡಿ ಅದನ್ನು ಆರಿಸೋದಕ್ಕೆ ನಮ್ಮಿಂದ ಆಗಲ್ಲ. ಅಂಥದ್ದು ಸಿಕ್ಕರೆ ಫೋಟೋ ಕಳಿಸಿ, ಅಷ್ಟು ಹಣ್ಣಿನ ದುಡ್ಡು ವಾಪಸ್ ಮಾಡ್ತೀವಿ.'

ನೋಡಿ, ಈ ಪತ್ರದಲ್ಲಿ ಹೊಗಳಿಕೆ ಒಂದೂ ಇಲ್ಲ. ಆದರೆ ದೂರಿನ ಫೋನ್ ಬರೋದಕ್ಕೆ ಮೊದಲೇ ಉತ್ತರ ಕೊಟ್ಟಾಗಿದೆ. ಸ್ಪಂಜಿನ ಹಣ್ಣಿನ ಬಗ್ಗೆ ಮುಂಚೆಯೇ ಹೇಳಿದವನ ಮೇಲೆ ಗಿರಾಕಿಗೆ ಬರೋ ನಂಬಿಕೆ, 'ಅತ್ಯುತ್ತಮ ಗುಣಮಟ್ಟದ' ಅಂತ ಬರೆದವನ ಮೇಲೆ ಬರಲ್ಲ.

ಕಾರ್ಬೈಡ್ ವಿಷಯದಲ್ಲೂ ಅಷ್ಟೇ. ಅದರಿಂದ ಹಣ್ಣು ಮಾಗಿಸೋದು ಕಾನೂನಿನಲ್ಲಿ ನಿಷೇಧ. ನಿಯಂತ್ರಿತವಾಗಿ ಎಥಿಲೀನ್ ಅನಿಲ ಬಳಸೋದಕ್ಕೆ ಅನುಮತಿ ಇದೆ. ನೀವು ಎಥಿಲೀನ್ ಕೋಣೆಯಲ್ಲಿ ಮಾಗಿಸಿದ್ದರೆ ಹಾಗೇ ಬರೀರಿ, 'ನೈಸರ್ಗಿಕ' ಅಂತ ಸುಳ್ಳು ಬರೆಯಬೇಡಿ. ಬರಹದಲ್ಲಿ ಹೇಳಿದ ಸುಳ್ಳು ಗಿರಾಕಿಯ ಇಮೇಲ್ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಸಾಕ್ಷಿಯಾಗಿ ಉಳಿಯುತ್ತೆ.

ವಿಷಯದ ಸಾಲು, ಮತ್ತು ಕೆಟ್ಟ ಸುದ್ದಿ

ಇಮೇಲ್ ತೆರೆಯಬೇಕೋ ಬೇಡವೋ ಅಂತ ಜನ ಎರಡನ್ನು ನೋಡಿ ತೀರ್ಮಾನ ಮಾಡ್ತಾರೆ: ಕಳಿಸಿದವರ ಹೆಸರು ಮತ್ತು ವಿಷಯದ ಸಾಲು. ಹೆಸರಿನ ಜಾಗದಲ್ಲಿ 'ಇನ್ಫೋ', 'ಸೇಲ್ಸ್' ಬೇಡ. ನಿಮ್ಮ ಹೆಸರು, ಜೊತೆಗೆ ತೋಟದ ಹೆಸರು ಇರಲಿ. ವಿಷಯದ ಸಾಲಿನಲ್ಲಿ ಮುಖ್ಯವಾದ ಪದ ಮೊದಲು ಬರಲಿ, ಮೊಬೈಲಿನಲ್ಲಿ ಉದ್ದ ಸಾಲು ಅರ್ಧಕ್ಕೇ ಕತ್ತರಿಸಿಹೋಗುತ್ತೆ.

'ಬಂಪರ್ ಆಫರ್!!! ತಾಜಾ ಮಾವು!!!' ಅಂತ ಬರೆದರೆ ಅದು ಜಾಹೀರಾತು. 'ಬಾದಾಮಿ ಕೊಯ್ಲು ಮೇ 3ಕ್ಕೆ, 120 ಬಾಕ್ಸ್ ಇದೆ' ಅಂತ ಬರೆದರೆ ಅದು ಸುದ್ದಿ. ಎರಡನೇದರಲ್ಲಿ ತಳಿ ಇದೆ, ದಿನ ಇದೆ, ಎಷ್ಟಿದೆ ಅನ್ನೋದೂ ಇದೆ. ಆದರೆ 120 ಅಂದರೆ ನಿಜವಾಗಿ 120 ಇರಬೇಕು. 'ಇನ್ನು ಐದೇ ಬಾಕ್ಸ್' ಅಂತ ವಾರವಿಡೀ ಬರೆಯೋ ಚಾಳಿ ನಮಗೆ ಬೇಡ.

ಕೆಟ್ಟ ಸುದ್ದಿಯನ್ನು ಮುಚ್ಚಿಡಬೇಡಿ. ಆಲಿಕಲ್ಲು ಬಿದ್ದು ಹಣ್ಣಿನ ಮೇಲೆ ಕಲೆ ಆಯಿತಾ? ಫೋಟೋ ತೆಗೆದು ಹಾಕಿ. 'ಸಿಪ್ಪೆ ಮೇಲೆ ಕಲೆ ಇದೆ, ಒಳಗೆ ಏನೂ ಆಗಿಲ್ಲ. ಕಲೆ ಇರೋದನ್ನು ಬೇರೆ ಬಾಕ್ಸ್ ಮಾಡಿ ಕಡಿಮೆ ಬೆಲೆಗೆ ಕೊಡ್ತೀವಿ' ಅಂತ ಬರೀರಿ. ಮಂಡಿಯಲ್ಲಿ ಅಂಥ ಹಣ್ಣನ್ನು ಮೂಲೆಗೆ ತಳ್ಳಿ ಕೇಳಿದ ಬೆಲೆಗೆ ಎತ್ತಿಕೊಳ್ತಾರೆ. ಸೀಕರಣೆಗೋ ಜ್ಯೂಸಿಗೋ ಬೇಕಾದ ಮನೆಯವರು ಖುಷಿಯಿಂದ ತಗೊಳ್ತಾರೆ. ಮಂಡಿಯಲ್ಲಿ ಹಣ್ಣು ಮಾತಾಡೋದಿಲ್ಲ. ಪತ್ರದಲ್ಲಿ ಅದರ ಪರವಾಗಿ ನೀವು ಮಾತಾಡಬಹುದು. ನನ್ನ ಮಟ್ಟಿಗೆ ಇಡೀ ವಿದ್ಯೆ ಇಷ್ಟೇ.

ಭಾಷೆ ಯಾವುದು ಅಂತ ಕೇಳಬಹುದು. ನಿಮ್ಮ ಗಿರಾಕಿಯ ಭಾಷೆ. ನಾನು ಮೇಲೆ ಕನ್ನಡದಲ್ಲಿ, ಕೆಳಗೆ ಅದನ್ನೇ ಚಿಕ್ಕದಾಗಿ ಇಂಗ್ಲಿಷ್‌ನಲ್ಲಿ ಹಾಕ್ತೀನಿ. ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯಬೇಡಿ. ಮನೆಯಲ್ಲಿ ಓದಿದ ಮಗಳೋ ಸೊಸೆಯೋ ಇರ್ತಾರೆ, ನೀವು ಹೇಳಿ, ಅವರು ಬರೀಲಿ. ಆದರೆ ಮಾತು ನಿಮ್ಮದೇ ಇರಲಿ. ಜಾಹೀರಾತಿನವರ ಭಾಷೆ ಅನ್ನೋದು ಗಿರಾಕಿಗೆ ಮೊದಲ ಸಾಲಿಗೇ ಗೊತ್ತಾಗುತ್ತೆ.

ಸ್ವಲ್ಪ ತಾಂತ್ರಿಕ ವಿಷಯ

ಭಯಪಡೋದೇನಿಲ್ಲ, ನಾಲ್ಕೈದು ಸಂಗತಿ ಗೊತ್ತಿದ್ದರೆ ಸಾಕು.

ಮಾಮೂಲಿ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗೆ ಮಾತ್ರ ಕಳಿಸಬಹುದು. ಮುನ್ನೂರು ಜನರ ಪಟ್ಟಿಗೆ ಇದೇ ಸಾಕು. ಐವತ್ತೈವತ್ತು ಜನರಂತೆ ಕಳಿಸಿ. ಎಲ್ಲರ ವಿಳಾಸವನ್ನೂ 'ಬಿಸಿಸಿ' ಜಾಗದಲ್ಲೇ ಹಾಕಿ. 'ಟು' ಅಥವಾ 'ಸಿಸಿ' ಜಾಗದಲ್ಲಿ ಹಾಕಿದರೆ ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುತ್ತೆ. ನಂಬಿ ಕೊಟ್ಟ ವಿಳಾಸವನ್ನು ಬೀದಿಗೆ ಹಾಕಿದ ಹಾಗಾಗುತ್ತೆ.

ಪತ್ರದ ಕೊನೆಯಲ್ಲಿ 'ಈ ಪತ್ರ ಬೇಡ ಅನಿಸಿದರೆ "ಸಾಕು" ಅಂತ ಉತ್ತರ ಬರೀರಿ' ಅನ್ನೋ ಸಾಲು ತಪ್ಪದೆ ಇರಲಿ. ಬರೆದವರ ಹೆಸರನ್ನು ಅವತ್ತೇ ತೆಗೆದುಬಿಡಿ, ಬೇಜಾರು ಮಾಡಿಕೊಳ್ಳಬೇಡಿ. ಹೋಗೋರಿಗೆ ಬಾಗಿಲು ತೆರೆದಿದ್ದರೆ ಅವರು ಸ್ಪ್ಯಾಮ್ ಗುಂಡಿ ಒತ್ತೋದಿಲ್ಲ.

ಪಟ್ಟಿ ಐನೂರು ದಾಟಿದ ಮೇಲೆ ಸಾಮೂಹಿಕ ಇಮೇಲ್ ಸೇವೆ ಬೇಕಾಗುತ್ತೆ. ಆಗ ತೋಟದ ಹೆಸರಿನಲ್ಲಿ ಸ್ವಂತ ಡೊಮೈನ್ ಮಾಡಿಸಿ. ಅಂಥ ಸೇವೆಯ ಮೂಲಕ ಹೋಗೋ ಪತ್ರದಲ್ಲಿ ಕಳಿಸಿದವರ ವಿಳಾಸ ಜಿಮೇಲ್‌ದೇ ಇದ್ದರೆ ಸ್ಪ್ಯಾಮ್‌ಗೆ ಬೀಳೋ ಸಂಭವ ಹೆಚ್ಚು. ಡೊಮೈನ್ ಮಾಡಿಸುವಾಗ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನೋ ಮೂರನ್ನು ಸೆಟ್ ಮಾಡಿಕೊಡಿ ಅಂತ ಕೇಳಿ. ಎಸ್‌ಪಿಎಫ್ ಅಂದರೆ ನಿಮ್ಮ ಹೆಸರಿನಲ್ಲಿ ಮಾಲು ಸಾಗಿಸೋದಕ್ಕೆ ಯಾರಿಗೆ ಅನುಮತಿ ಇದೆ ಅನ್ನೋ ಪಟ್ಟಿ. ಡಿಕಿಮ್ ಅಂದರೆ ದಾರಿಯಲ್ಲಿ ಯಾರೂ ಬಿಚ್ಚಿ ಬದಲಾಯಿಸಿಲ್ಲ ಅನ್ನೋ ಮುದ್ರೆ. ಡಿಮಾರ್ಕ್ ಅಂದರೆ ಇವೆರಡೂ ಹೊಂದದಿದ್ದರೆ ಏನು ಮಾಡಬೇಕು ಅಂತ ಆಚೆ ಕಡೆಯವರಿಗೆ ನೀವು ಕೊಟ್ಟಿರೋ ಸೂಚನೆ. ಒಮ್ಮೆ ಮಾಡಿಸಿದರೆ ಸಾಕು.

ಇಡೀ ಪತ್ರವನ್ನು ಬಣ್ಣಬಣ್ಣದ ಒಂದೇ ಚಿತ್ರ ಮಾಡಿ ಕಳಿಸಬೇಡಿ. ಚಿತ್ರ ತೆರೆದುಕೊಳ್ಳದಿದ್ದರೆ ಓದೋದಕ್ಕೆ ಏನೂ ಇರಲ್ಲ. ಅಕ್ಷರದಲ್ಲಿ ಬರೀರಿ, ಒಂದೇ ಒಂದು ಫೋಟೋ ಹಾಕಿ. ಆರ್ಡರ್ ಮಾಡೋದು ಹೇಗೆ ಅನ್ನೋದು ಒಂದೇ ದಾರಿ ಇರಲಿ: 'ಎಷ್ಟು ಬಾಕ್ಸ್, ಯಾವ ವಿಳಾಸ ಅಂತ ಇದಕ್ಕೇ ಉತ್ತರ ಬರೀರಿ.' ಅಷ್ಟೇ.

ಏನನ್ನು ಎಣಿಸಬೇಕು

ಏಜೆನ್ಸಿಯವರು 'ನಿಮ್ಮ ಇಮೇಲನ್ನು ಇಷ್ಟು ಜನ ತೆರೆದರು' ಅಂತ ಗ್ರಾಫ್ ತೋರಿಸ್ತಾರೆ. ಅದನ್ನು ನೆಚ್ಚಿಕೊಳ್ಳಬೇಡಿ. 2021ರ ಸೆಪ್ಟೆಂಬರ್‌ನಿಂದ ಆ್ಯಪಲ್ ಫೋನಿನ ಮೇಲ್ ಆ್ಯಪ್‌ನಲ್ಲಿ ಒಂದು ಗೋಪ್ಯತೆಯ ವ್ಯವಸ್ಥೆ ಬಂದಿದೆ. ಅದನ್ನು ಬಳಸೋರ ಪತ್ರದ ಚಿತ್ರಗಳನ್ನು ಆ ಕಂಪನಿಯೇ ಮೊದಲೇ ಇಳಿಸಿಕೊಳ್ಳುತ್ತೆ. ಹಾಗಾಗಿ ಮನುಷ್ಯ ನೋಡದಿದ್ದರೂ 'ತೆರೆದರು' ಅಂತ ಲೆಕ್ಕಕ್ಕೆ ಬರುತ್ತೆ.

ಮೂರನ್ನು ಎಣಿಸಿ. ಎಷ್ಟು ಜನ ಉತ್ತರ ಬರೆದರು, ಎಷ್ಟು ಬಾಕ್ಸ್ ಹೋಯಿತು, ಹೋದ ವರ್ಷ ತಗೊಂಡವರಲ್ಲಿ ಎಷ್ಟು ಮನೆಯವರು ಈ ವರ್ಷವೂ ತಗೊಂಡರು. ಮೂರನೇದೇ ಎಲ್ಲಕ್ಕಿಂತ ಮುಖ್ಯ. ಅದು ಇಳೀತಾ ಇದ್ದರೆ ಪತ್ರದಲ್ಲಿ ದೋಷ ಹುಡುಕೋದಕ್ಕೆ ಮೊದಲು ಹಣ್ಣಿನಲ್ಲಿ, ಪ್ಯಾಕಿಂಗ್‌ನಲ್ಲಿ ಹುಡುಕಿ. ಸೊನೆ ಸುಟ್ಟ ಹಣ್ಣನ್ನು, ಬಲಿಯದ ಕಾಯನ್ನು ಯಾವ ಪತ್ರವೂ ಎರಡನೇ ಸಲ ಮಾರೋದಿಲ್ಲ. ಎರಡು ವರ್ಷದಿಂದ ಏನನ್ನೂ ಕೊಳ್ಳದವರಿಗೆ 'ಪತ್ರ ಮುಂದುವರಿಸಲಾ?' ಅಂತ ಒಮ್ಮೆ ಕೇಳಿ, ಉತ್ತರ ಬರದಿದ್ದರೆ ತೆಗೆಯಿರಿ. ಮಾವಿನ ಮರಕ್ಕೆ ಒಣಗಿದ ಕೊಂಬೆ ಸವರಿದ ಹಾಗೆ ಪಟ್ಟಿಗೂ ಸವರುವಿಕೆ ಬೇಕು.

ಪಟ್ಟಿ ಯಾರ ಕೈಲಿರಬೇಕು

ಕೊನೇದಾಗಿ, ನಾನು ಗಟ್ಟಿಯಾಗಿ ಹೇಳಬೇಕು ಅಂದುಕೊಂಡಿರೋದು ಇದು. ಹೂವಿನಲ್ಲೇ ತೋಟ ಗುತ್ತಿಗೆ ಕೊಟ್ಟುಬಿಡೋದು ನಮ್ಮ ಕಡೆ ಹಳೇ ರೂಢಿ. ತಕ್ಷಣ ಕೈಗೆ ದುಡ್ಡು ಬರುತ್ತೆ, ಹಣ್ಣಿನ ಮೇಲಿನ ಹಕ್ಕು ಹೋಗುತ್ತೆ. ಮರ ನಮ್ಮದೇ ಆದರೂ ಆ ಹಣ್ಣು ಯಾರು ತಿಂದರು ಅಂತ ನಮಗೆ ಗೊತ್ತೇ ಇರಲ್ಲ. ಹೀಗೆ ತಲೆಮಾರುಗಟ್ಟಲೆ ಬೆಳೆದೂ ಒಬ್ಬ ಗಿರಾಕಿಯ ಹೆಸರೂ ಗೊತ್ತಿಲ್ಲದೆ ಉಳಿದಿದ್ದೀವಿ. ಈಗ ಗಿರಾಕಿಯ ಹೆಸರು ಸಿಗೋ ಕಾಲ ಬಂದಿರುವಾಗ, ಆ ಪಟ್ಟಿಯನ್ನು ಏಜೆನ್ಸಿಯ ಕಂಪ್ಯೂಟರಿನಲ್ಲಿ ಇಟ್ಟರೆ ಮತ್ತೆ ಗುತ್ತಿಗೆ ಕೊಟ್ಟ ಹಾಗೇ ಆಯಿತು. ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಳ್ಳಿ, ಆದರೆ ಖಾತೆ ನಿಮ್ಮ ಹೆಸರಿನಲ್ಲಿರಲಿ, ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ, ತಿಂಗಳಿಗೊಮ್ಮೆ ಪಟ್ಟಿಯ ಪ್ರತಿ ಇಳಿಸಿಟ್ಟುಕೊಳ್ಳಿ.

ಒಬ್ಬರಿಂದ ಆಗಲ್ಲ ಅಂದರೆ ಹತ್ತು ಜನ ಸೇರಿ. ರೈತ ಉತ್ಪಾದಕ ಸಂಸ್ಥೆಗಳು ಗೊಬ್ಬರ, ಬೀಜ ಮಾರೋ ಅಂಗಡಿಗಳಾಗಿ ಮಾತ್ರ ಉಳಿಯೋದು ಬೇಡ. ಒಂದು ಡೊಮೈನ್, ಒಂದು ಪಟ್ಟಿ, ಪತ್ರ ಬರೆಯೋದಕ್ಕೆ ಒಬ್ಬ ಓದಿದ ಹುಡುಗ ಅಥವಾ ಹುಡುಗಿ, ಇಷ್ಟನ್ನು ಸಂಸ್ಥೆ ಮಾಡಲಿ. ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ 'ಕರ್ಸಿರಿ' ಹೆಸರಿನಲ್ಲಿ ಅಂಚೆ ಇಲಾಖೆ ಜೊತೆ ಸೇರಿ ಬೆಂಗಳೂರಿನ ಮನೆಗಳಿಗೆ ಮೂರು ಕೆ.ಜಿ. ಬಾಕ್ಸ್ ತಲುಪಿಸೋ ವ್ಯವಸ್ಥೆ ಮಾಡಿದೆ. ಹಣ್ಣು ಮನೆಗೆ ಹೋಗೋ ದಾರಿ ಇದೆ ಅನ್ನೋದಕ್ಕೆ ಅದೇ ಸಾಕ್ಷಿ. ಅಂಥ ದಾರಿಯಲ್ಲಿ ಹೋದ ನಿಮ್ಮ ಬಾಕ್ಸಿನೊಳಗೂ ನಿಮ್ಮ ಚೀಟಿ ಒಂದಿರಲಿ.

ಮುಂದಿನ ಕೊಯ್ಲಿನವರೆಗೆ ಕಾಯಬೇಡಿ. ಈ ವಾರವೇ ಒಂದು ಹೊಸ ನೋಟ್‌ಬುಕ್ ತಗೊಳ್ಳಿ. ಹೋದ ಸೀಸನ್‌ನಲ್ಲಿ ನಿಮ್ಮಿಂದ ನೇರವಾಗಿ ಹಣ್ಣು ತಗೊಂಡವರ ಹೆಸರು ನೆನಪಿದ್ದಷ್ಟು ಬರೀರಿ. ಹತ್ತೇ ಹೆಸರಾದರೂ ಪರವಾಗಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ, 'ಮುಂದಿನ ವರ್ಷ ಕೊಯ್ಲಿಗೆ ಮೊದಲು ಪತ್ರ ಬರೀಲಾ?' ಅಂತ ಕೇಳಿ. 'ಬರೀರಿ' ಅಂದವರ ಇಮೇಲ್ ಹೆಸರಿನ ಮುಂದೆ ಬರೆದುಕೊಳ್ಳಿ. ಪಟ್ಟಿ ಶುರುವಾಯಿತು.